ಜಟಕಾ ದೀಪದವರ ಬೆಳಕಿನ ಸೈಕಲ್ಲು

ಚಕ್ರ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಜಯಕ್ಕ, ಕೈ ನೋಯ್ತದಾ?" ನೋಯುತ್ತದೆ. ಮೊದಲ ತಿಂಗಳು ಹೆಬ್ಬೆರಳು ಊದಿಕೊಂಡು ಮುದ್ದೆ ಮುರಿಯುವುದೂ ಕಷ್ಟ. ಆಮೇಲೆ ಬೆರಳ ತುದಿ ಗಟ್ಟಿಯಾಗಿ ನೋವು ತಾನಾಗಿಯೇ ಮರೆತುಹೋಗುತ್ತದೆ. ಇದನ್ನು ಹೇಳದೆ ಬರೀ ಸನ್ಮಾನ, ಶಾಲು, ಹಾರದ ಮಾತು ಬರೆದರೆ ಈ ಕೆಲಸಕ್ಕೆ ಬರುವವರಿಗೆ ಮೋಸ ಮಾಡಿದಂತೆ. ಅದಕ್ಕೇ ನೋವಿನಿಂದಲೇ ಶುರುಮಾಡಿದ್ದೇನೆ.

ನಾನು ದುಡಿದದ್ದು ಶ್ರೀರಂಗಪಟ್ಟಣದ ಗಂಜಾಂ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಮಕ್ಕಳ ಸೈಕಲ್ಲು ತಯಾರಾಗುತ್ತದೆ. ತುಳಿದರೆ ಎರಡು ಚಕ್ರವೂ ಕೆಂಪು, ಹಸಿರು, ನೀಲಿಯಾಗಿ ಬೆಳಗುತ್ತವಲ್ಲ, ಆ ಸೈಕಲ್ಲು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಬೀದಿಗಳಲ್ಲಿ ಸಂಜೆ ಹೊತ್ತು ಅಂಥ ಚಕ್ರವೊಂದು ಉರುಳಿಕೊಂಡು ಹೋಗುವುದನ್ನು ನೀವು ನೋಡಿದ್ದರೆ, ಅದನ್ನು ಕಟ್ಟಿದವಳು ನಾನಾಗಿರಬಹುದು. ಇಲ್ಲದಿದ್ದರೆ ನಾನು ಕಲಿಸಿದವಳು.

ಈ ಕೆಲಸಕ್ಕೆ ನಾನು ಬಂದದ್ದು ನಮ್ಮಪ್ಪನ ಗಾಡಿಯ ದೆಸೆಯಿಂದ. ನಮ್ಮಪ್ಪ ಕೆ.ಆರ್. ಪೇಟೆ ತಾಲ್ಲೂಕಿನ ರೈತ. ಬೇಸಾಯದ ಬಿಡುವಿನಲ್ಲಿ ಜಾಲಿ ಮರದ ತುಂಡುಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಖಾದರ್ ಸಾಬರಿಗೆ ಕೊಟ್ಟು ಬರುತ್ತಿದ್ದ. ಖಾದರ್ ಸಾಬರ ಮನೆತನದವರು ಜಟಕಾ ಗಾಡಿಯ ಚಕ್ರ ಮಾಡುವವರು. ಜಟಕಾಗಳು ಕಡಿಮೆಯಾದ ಮೇಲೆ ಸಾಬರು ಸೈಕಲ್ ಚಕ್ರಕ್ಕೆ ಕೈಹಾಕಿದರು, ಆಮೇಲೆ ಮಕ್ಕಳ ಸೈಕಲ್ಲನ್ನೇ ಮಾಡತೊಡಗಿದರು. ಮರದ ವ್ಯಾಪಾರ ನಿಂತರೂ ಇಬ್ಬರ ಸ್ನೇಹ ನಿಲ್ಲಲಿಲ್ಲ. ನಾನು ಮದುವೆಯಾಗಿ ಪಾಂಡವಪುರಕ್ಕೆ ಬಂದ ಹೊಸತರಲ್ಲಿ ಸಾಬರು ಅಪ್ಪನಿಗೆ ಹೇಳಿದರಂತೆ, "ಗೌಡ್ರೇ, ಮಕ್ಕಳ ಚಕ್ರ ಚಿಕ್ಕದು. ನಮ್ ಗಂಡಸ್ರ ಬೆರಳು ಕಡ್ಡಿ ಸಂದೀಲಿ ಓಗಾಕಿಲ್ಲ. ಸಣ್ಣ ಬೆರಳಿನೋರು ಯಾರಾದ್ರೂ ಇದ್ರೆ ಕಳ್ಸಿ." ಅಪ್ಪ ನನ್ನ ಬೆರಳು ನೋಡಿದ. ನನ್ನ ಗಂಡ ಶಿವಣ್ಣ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದರು. ಅವರು, "ಓಗು, ಇಷ್ಟ ಆಗ್ದಿದ್ರೆ ಬಂದ್ಬುಡು" ಎಂದರು. ಹೋದವಳು ತಲೆ ನೆರೆಯುವವರೆಗೂ ಆ ಕೆಲಸ ಬಿಟ್ಟು ಬರಲಿಲ್ಲ.

ಸಾಬರು ಕಲಿಸುವ ರೀತಿಯೇ ಬೇರೆ. ಒಂದು ರಿಮ್ಮು, ನಡುವೆ ಕೂರುವ ಒಂದು ಹಬ್, ಒಂದು ಹಿಡಿ ಸ್ಪೋಕು ಕಡ್ಡಿ ನನ್ನ ಮುಂದಿಟ್ಟು, ತಾವು ಕಟ್ಟಿದ ಚಕ್ರವನ್ನು ಪಕ್ಕದಲ್ಲಿಟ್ಟು, ಚಹಾ ಕುಡಿಯಲು ಹೋಗಿಬಿಟ್ಟರು. ನಾನು ಅದನ್ನು ನೋಡಿಕೊಂಡು ಇದನ್ನು ಹೆಣೆಯಬೇಕು. ಸಂಜೆ ಹೊತ್ತಿಗೆ ಹೆಣೆದು ಮುಗಿಸಿದ್ದೆ. ಸಾಬರು ಬಂದು ಕೂತು ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟಿದರು.

"ಕೇಳಿಸ್ಕೋ ಬೇಟಿ. ಇದು ಟಿಂಗ್ ಅಂತದೆ. ಇದು ದಡ್ ಅಂತದೆ. ಒಂದೇ ಮನೆಯೋರು ಅಂದ್ಮೇಲೆ ಒಂದೇ ದನೀಲಿ ಮಾತಾಡ್ಬೇಕೋ ಬ್ಯಾಡ್ವೋ?"

ಆಮೇಲೆ ಎದ್ದು ಚಕ್ರವನ್ನು ಬಾಗಿಲಿನಿಂದ ಓಣಿಗೆ ಉರುಳಿಸಿಬಿಟ್ಟರು. ಅದೇ ಅವರ ಪರೀಕ್ಷೆ. ಸರಿಯಾಗಿ ಕಟ್ಟಿದ ಚಕ್ರ ನೆಟ್ಟಗೆ ಹೋಗಿ ಎದುರು ಮನೆಯ ಗೋಡೆಗೆ ತಾಗಬೇಕು. ನನ್ನದು ಅರ್ಧ ದಾರಿಯಲ್ಲೇ ಕುಡಿದವನ ಹಾಗೆ ವಾಲಾಡಿ ಚರಂಡಿಗೆ ಬಿತ್ತು.

"ನಿನ್ ಚಕ್ರಕ್ಕೆ ಬಾಯಾರಿಕೆ ಆಗಿತ್ತು, ನೀರು ಕುಡಿಯೋಕೆ ಓಯ್ತು" ಎಂದರು ಸಾಬರು. ಕೆಲಸದವರೆಲ್ಲ ನಕ್ಕರು. ನನಗೆ ಅಳು ಬಂದಿತ್ತು, ಆದರೆ ಅಳಲಿಲ್ಲ. ಚರಂಡಿಯಿಂದ ಎತ್ತಿ ತೊಳೆದು ಮತ್ತೆ ಬಿಚ್ಚಿ ಹೆಣೆದೆ. ಎಷ್ಟು ಸಲ ಹಾಗೆ ಮಾಡಿದೆನೋ ಗೊತ್ತಿಲ್ಲ. ಒಂದು ದಿನ ನನ್ನ ಚಕ್ರ ನೆಟ್ಟಗೆ ಹೋಗಿ ಗೋಡೆಗೆ ತಾಗಿ ಹಿಂದಕ್ಕೆ ಪುಟಿಯಿತು. ಸಾಬರು ಅದನ್ನು ಎತ್ತಿಕೊಂಡು ಬಂದು ಮಾರಾಟಕ್ಕೆ ಹೋಗುವ ಚಕ್ರಗಳ ರಾಶಿಯ ಮೇಲಿಟ್ಟರು. ಅವರಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿಲ್ಲ.

ಈಗ ಆ ಪರೀಕ್ಷೆ ಇಲ್ಲ. ಚಕ್ರವನ್ನು ಒಂದು ಯಂತ್ರಕ್ಕೆ ಸಿಕ್ಕಿಸಿದರೆ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಮುಳ್ಳು ತೋರಿಸುತ್ತದೆ. ಯಂತ್ರ ಬಂದ ದಿನ ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ಬಗ್ಗಿ ಬಗ್ಗಿ ಹಿಡಿದುಹೋಗಿದ್ದ ಬೆನ್ನು ಅಂದಿನಿಂದ ನೆಟ್ಟಗಾಯಿತು. ಆದರೂ ಹೊಸ ಹುಡುಗಿಯರಿಗೆ ಕಡ್ಡಿ ಮೀಟಿ ಕೇಳುವುದನ್ನು ಕಲಿಸಿಯೇ ಯಂತ್ರದ ಹತ್ತಿರ ಬಿಡುತ್ತಿದ್ದೆ. ಕರೆಂಟು ಹೋದಾಗ ಕಿವಿ ಇರುತ್ತದಲ್ಲ.

ಇನ್ನು ದೀಪದ ವಿಷಯ. ಖಾದರ್ ಸಾಬರ ತಂದೆ ಜಟಕಾಕ್ಕೆ ಚಕ್ರ ಮಾತ್ರವಲ್ಲ, ದೀಪವನ್ನೂ ಮಾಡುತ್ತಿದ್ದರು. ಗಾಡಿಯ ಎರಡೂ ಪಕ್ಕಕ್ಕೆ ಸಿಕ್ಕಿಸುವ ಹಿತ್ತಾಳೆಯ ಸೀಮೆಎಣ್ಣೆ ದೀಪ. ರೈಲು ನಿಲ್ದಾಣದಿಂದ ಗುಂಬಜಿನವರೆಗಿನ ಹಳ್ಳ ದಿಣ್ಣೆಯ ರಸ್ತೆಯಲ್ಲಿ ಜಟಕಾ ಎಷ್ಟೇ ಕುಲುಕಿದರೂ, ಹೊಳೆ ಕಡೆಯಿಂದ ಎಷ್ಟೇ ಗಾಳಿ ಬೀಸಿದರೂ ಅದು ಆರುತ್ತಿರಲಿಲ್ಲವಂತೆ. ಮೈಸೂರಿನ ಜಟಕಾದವರೂ ಇಲ್ಲಿಗೇ ಬಂದು ಕೊಳ್ಳುತ್ತಿದ್ದರಂತೆ. ಆ ದೀಪದ ಚಿತ್ರವೇ ಇವತ್ತಿಗೂ ನಮ್ಮ ಸೈಕಲ್ಲಿನ ಗುರುತು. ಸಾಬರು ಅದರ ಮಾತು ಬಂದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುವರು.

"ನಮ್ ಅಬ್ಬಾ ಹೇಳೋರು, ಕುದುರೆ ಓಡೋವರ್ಗೂ ದೀಪ ಆರ್ಬಾರ್ದು. ಆರಿದ್ರೆ ಅದು ದೀಪದ್ ತಪ್ಪಲ್ಲ, ಮಾಡ್ದೋನ್ ತಪ್ಪು ಅಂತ."

ಸಾಬರ ಮಗ ಇಮ್ತಿಯಾಜ್ ಈ ಮಾತು ಕೇಳಿಕೊಂಡೇ ಬೆಳೆದವನು. ಡಿಪ್ಲೊಮಾ ಓದಿ ಬಂದು ಕಾರ್ಖಾನೆಯ ಭಾರ ಹೊತ್ತುಕೊಂಡ. ನನಗಿಂತ ಚಿಕ್ಕವನು, ಆದರೆ ಮಾಲೀಕ. ಅವನು ನನ್ನನ್ನು "ಅಕ್ಕ" ಎನ್ನುತ್ತಿದ್ದ, ನಾನು ಅವನನ್ನು "ಇಮ್ತಿಯಾಜಪ್ಪ" ಎನ್ನುತ್ತಿದ್ದೆ. ಆ ಹೊತ್ತಿಗೆ ಹೊರಗಿನ ದೊಡ್ಡ ಕಂಪನಿಗಳ ಸೈಕಲ್ಲುಗಳು ಬಂದು ನಮ್ಮದನ್ನು ಕೇಳುವವರು ಕಡಿಮೆಯಾಗಿದ್ದರು. ಇಮ್ತಿಯಾಜ್ ಒಂದು ಉಪಾಯ ಮಾಡಿದ. ಸೈಕಲ್ಲಿನ ಕಂಬಿಯ ಉದ್ದಕ್ಕೂ ಸಣ್ಣ ಸಣ್ಣ ಬಣ್ಣದ ದೀಪ, ಸೀಟಿನ ಕೆಳಗೆ ಬ್ಯಾಟರಿ ಡಬ್ಬಿ. ಸ್ವಿಚ್ ಒತ್ತಿದರೆ ಸೈಕಲ್ಲೆಲ್ಲ ದೀಪಾವಳಿ. ಮಕ್ಕಳು ಅಂಗಡಿ ಬಿಟ್ಟು ಬರಲೊಲ್ಲರು. ಸುತ್ತಲಿನ ನಾಲ್ಕೂ ತಾಲ್ಲೂಕಿನ ಅಂಗಡಿಯವರು ಪೈಪೋಟಿಯ ಮೇಲೆ ತರಿಸಿಕೊಂಡರು. ನಾವು ಭಾನುವಾರವೂ ಚಕ್ರ ಕಟ್ಟಿದೆವು.

ಮಳೆ ಶುರುವಾಯಿತು. ಬ್ಯಾಟರಿ ಡಬ್ಬಿಗೆ ನೀರು ಇಳಿಯಿತು. ಸಂತೆಬಾಚಹಳ್ಳಿಯ ಅಂಗಡಿಯವನು ಫೋನು ಮಾಡಿ, "ಸಂತೆ ದಿನ ಬನ್ನಿ ಸಾಬ್ರೇ, ನಾನೊಬ್ನೇ ಉತ್ರ ಕೊಡಾಕಾಗಾಕಿಲ್ಲ" ಎಂದ. ಸಾಬರು, ಇಮ್ತಿಯಾಜ್, ನಾನು ಮೂವರೂ ವ್ಯಾನಿನಲ್ಲಿ ಹೋದೆವು. ಅಂಗಡಿಯ ಗೋಡೆಗೆ ನಮ್ಮ ಸೈಕಲ್ಲುಗಳು ಸಾಲಾಗಿ ಒರಗಿದ್ದವು. ಒಂದರಲ್ಲೂ ದೀಪವಿಲ್ಲ. ಸಂತೆಗೆ ಬಂದವರೆಲ್ಲ ಸುತ್ತ ನೆರೆದಿದ್ದರು. ಮೊಮ್ಮಗನನ್ನು ಸೊಂಟದಲ್ಲಿಟ್ಟುಕೊಂಡಿದ್ದ ಒಬ್ಬ ಅಜ್ಜಿ ಮುಂದೆ ಬಂದಳು.

"ಏನ್ ಸಾಬ್ರೇ, ಉಣ್ಣಿಮೆ ಅಂತ ಕೊಟ್ರಿ. ತಿಂಗ್ಳು ತುಂಬಕ್ ಮುಂಚೆ ಅಮಾಸೆ ಆಗೋಯ್ತಲ್ಲಾ?"

ಜನ ಗೊಳ್ಳೆಂದು ನಕ್ಕರು. ಇಮ್ತಿಯಾಜನ ಮುಖ ಕಪ್ಪಿಟ್ಟಿತು. ಸಾಬರು ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅಜ್ಜಿಗೆ ಕೈ ಮುಗಿದು, "ತಪ್ಪು ನಮ್ದು ಕಣವ್ವಾ. ಎಲ್ಲಾ ವಾಪಸ್ ತಗೋತೀನಿ. ಯಾರ್ ಕಾಸೂ ಮುಳುಗಾಕಿಲ್ಲ" ಎಂದರು. ಹಾಗೇ ನಡೆದುಕೊಂಡರು. ಆ ವಾರ ಮಿಕ್ಕ ಊರುಗಳಿಂದಲೂ ಸೈಕಲ್ಲುಗಳು ವಾಪಸು ಬಂದವು.

ಹಿಂದಿರುಗುವಾಗ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಮಗನಿಗೆ ಬೈಯುತ್ತಾರೆಂದು ನಾನು ಕಾದಿದ್ದೆ. ಸಾಬರು ಲೋಟ ಕೆಳಗಿಟ್ಟು ಹೇಳಿದ್ದು ಇಷ್ಟೇ: "ದೀಪ ಹಚ್ಚಿದ್ದು ಒಳ್ಳೇದೇ ಆಯ್ತು ಬೇಟಾ. ಅದು ನಮ್ ಮನೇ ಕಸಬು. ಆದ್ರೆ ಎಣ್ಣೆ ಬೇರೆಯೋರ್ ಹತ್ರ ತಂದ್ಬುಟ್ಟೆ ನೋಡು, ಅದೇ ತಪ್ಪು. ಎಣ್ಣೇನ ಚಕ್ರದಲ್ಲೇ ಹುಡುಕು."

ಆ ವರ್ಷ ಕಷ್ಟದ ವರ್ಷ. ಅಂಗಡಿಯವರು ನಮ್ಮ ಹೆಸರು ಹೇಳಿದರೆ ಬಾಗಿಲು ಹಾಕಿಕೊಳ್ಳುವಂತಾಯಿತು. ಜೊತೆಯವರು ಒಬ್ಬೊಬ್ಬರಾಗಿ ಗಾರ್ಮೆಂಟ್ಸ್ ಕಡೆಗೆ ಹೋದರು. ಶಿವಣ್ಣನವರೂ, "ನೀನೂ ಓಗ್ಬುಡೆ. ಅಲ್ಲಿ ವ್ಯಾನು ಮನೆ ಬಾಗ್ಲಿಗೇ ಬತ್ತದೆ" ಎಂದರು. ನಾನು ಒಂದು ದಿನ ಯೋಚಿಸಿದೆ. ಬಟ್ಟೆ ಹೊಲಿಯಲು ನನಗೂ ಬರುತ್ತದೆ. ಆದರೆ ನಾನು ಚಕ್ರ ಕಟ್ಟಿದ ಸೈಕಲ್ಲು ನೋಡಿ ಜನ ನಕ್ಕಿದ್ದನ್ನು ಕಿವಿಯಾರೆ ಕೇಳಿದ್ದೆ. ಹಾಗೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. "ಒಂದ್ ವರ್ಷ ನೋಡ್ತೀನಿ" ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಇಮ್ತಿಯಾಜ್ ಡೈನಮೋ ಕಡೆ ತಿರುಗಿದ. ಹಿಂದೆಲ್ಲ ದೊಡ್ಡವರ ಸೈಕಲ್ಲಿಗೆ ಡೈನಮೋ ಇರುತ್ತಿತ್ತು, ಟೈರಿಗೆ ಉಜ್ಜಿಕೊಂಡು ಗೊರಗುಟ್ಟುತ್ತ ದೀಪ ಉರಿಸುತ್ತಿತ್ತು. ಅದನ್ನು ಟೈರಿನ ಬದಲು ಚಕ್ರದ ಹೊಟ್ಟೆಯೊಳಗೇ, ಹಬ್ಬಿನಲ್ಲೇ ಕೂರಿಸುವುದು ಅವನ ಲೆಕ್ಕ. ಒಳಗೆ ಅಯಸ್ಕಾಂತ, ಸುತ್ತ ತಾಮ್ರದ ತಂತಿಯ ಸುರುಳಿ. ಚಕ್ರ ಸುತ್ತಿದರೆ ಕರೆಂಟು, ಕಡ್ಡಿಗಳ ಮೇಲೆ ಹಾದು ರಿಮ್ಮಿನ ದೀಪಗಳಿಗೆ. ಬ್ಯಾಟರಿಯೂ ಇಲ್ಲ, ಸ್ವಿಚ್ಚೂ ಇಲ್ಲ. ಹೇಳಲು ಇಷ್ಟೇ.

ಮೊದಲ ಚಕ್ರ ಎಷ್ಟು ಭಾರವಾಯಿತೆಂದರೆ ಪಕ್ಕದ ಮನೆಯ ಮಗು ಪೆಡಲಿನ ಮೇಲೆ ಎದ್ದು ನಿಂತರೂ ಅದು ಅಲುಗಲಿಲ್ಲ. "ಇದು ಸೈಕಲ್ಲಲ್ಲ ಕಣಪ್ಪ, ಬೀಸೋ ಕಲ್ಲು" ಎಂದೆ. ಇಮ್ತಿಯಾಜ್ ನಕ್ಕು ಅದನ್ನು ಒಡೆದು ಅಯಸ್ಕಾಂತ ಚಿಕ್ಕದು ಮಾಡಿದ. ಎರಡನೆಯದು ಹಗುರಾಯಿತು, ಆದರೆ ನಾನು ಕಡ್ಡಿ ಬಿಗಿಮಾಡುವಾಗೆಲ್ಲ ಅದರ ಮೇಲೆ ಹಾದ ತಂತಿ ಕತ್ತರಿಸಿಹೋಗುತ್ತಿತ್ತು. ನಾನು ಹೆಣೆಯುವ ಕ್ರಮವನ್ನೇ ಬದಲಿಸಿದೆ. ತಂತಿ ಹಾದುಹೋಗುವ ಕಡ್ಡಿಗಳನ್ನು ಮೊದಲೇ ಬಿಗಿಮಾಡಿ, ತಂತಿಯನ್ನು ಜಡೆಗೆ ಟೇಪು ಸುತ್ತುವ ಹಾಗೆ ಸಡಿಲವಾಗಿ ಸುತ್ತಿ, ಆಮೇಲೆ ಉಳಿದ ಕಡ್ಡಿಗಳನ್ನು ಎಳೆದೆ. ಮೂರನೆಯದರಲ್ಲಿ ದೀಪಗಳೆಲ್ಲ ಒಂದೇ ಪಕ್ಕಕ್ಕೆ ಬಂದು ಚಕ್ರ ಕುಂಟತೊಡಗಿತು. ಎದುರುಬದುರು ಕೂರಿಸಿದೆವು. ಹೀಗೆ ಅವನೊಂದು ಕಡೆಯಿಂದ, ನಾನೊಂದು ಕಡೆಯಿಂದ ಎಳೆದಾಡಿದೆವು. ಒಬ್ಬರ ಮೇಲೊಬ್ಬರು ರೇಗಿದ್ದೂ ಉಂಟು. ಸಾಬರು ಮೂಲೆಯಲ್ಲಿ ಕೂತು ನೋಡುತ್ತಿದ್ದರು, ನಡುವೆ ಬಾಯಿ ಹಾಕುತ್ತಿರಲಿಲ್ಲ.

ಒಂದು ದಿನ ಚಕ್ರ ಕೈಯಲ್ಲಿ ಹಿಡಿದು ತಿರುಗಿಸಿದೆ. ಕಣ್ಣೆದುರು ಬಣ್ಣದ ಬಳೆಯೊಂದು ಎದ್ದು ನಿಂತಿತು. ಸಾಬರು ಎದ್ದು ಬಂದರು. ಎದುರು ಗೋಡೆಯವರೆಗೆ ಅದನ್ನು ಉರುಳಿಸಿ, ಹಿಂದೆಯೇ ನಡೆದುಹೋಗಿ ಎತ್ತಿಕೊಂಡು ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

ನಾವು ಗೆದ್ದೆವೆಂದುಕೊಂಡೆವು. ನಾಗಮಂಗಲ ತಾಲ್ಲೂಕಿನ ಹೊಣಕೆರೆಗೆ ತೋರಿಸಲು ಒಯ್ದಾಗ ನಿಜ ತಿಳಿಯಿತು. ಅಲ್ಲಿ ಅಂಗನವಾಡಿಯಲ್ಲಿ ಕೆಲಸಕ್ಕಿದ್ದ ದೇವಮ್ಮ ಎಂಬ ಹೆಂಗಸು ಮಗನನ್ನು ಸೈಕಲ್ಲಿನ ಮೇಲೆ ಕೂರಿಸಿ ಬೀದಿಯಲ್ಲಿ ಬಿಟ್ಟು ನೋಡಿದಳು. ಮುಸ್ಸಂಜೆಯಾಗಿತ್ತು. ಮಗು ತುಳಿದಾಗ ಬೆಳಕು, ನಿಂತಾಗ ಕತ್ತಲು. ದೇವಮ್ಮ ನನ್ನ ಕಡೆ ತಿರುಗಿದಳು.

"ಚೆಂದಾಗೈತೆ ಕಣಕ್ಕ. ಆದ್ರೆ ನಿಂತ್ರೆ ಆರೋಯ್ತದಲ್ಲಾ?"

"ನಿಂತ ಮೇಲೆ ದೀಪ ಯಾಕವ್ವಾ?" ಎಂದೆ.

"ಅಯ್ಯೋ, ಮಕ್ಳು ನಿಂತ್ಕಳದೇ ರಸ್ತೆ ಮಧ್ಯದಲ್ಲಿ ಅಲ್ವಾ! ಚೈನ್ ಕಳಚ್ಕಂತದೆ, ಬೀಳ್ತವೆ, ನಾಯಿ ಕಂಡ್ರೆ ನಿಂತ್ಬುಡ್ತವೆ. ಓಡಾಡ್ವಾಗ ಕಾಣೋದ್ಕಿಂತ ನಿಂತಾಗ ಕಾಣ್ಬೇಕು."

ನಾನೂ ಇಮ್ತಿಯಾಜನೂ ಮುಖ ಮುಖ ನೋಡಿಕೊಂಡೆವು. ಮಕ್ಕಳನ್ನು ದಿನವಿಡೀ ಕಾಯುವವಳಿಗೆ ತಿಳಿದದ್ದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ವಾಪಸು ಬರುವಾಗ ಇಮ್ತಿಯಾಜನೇ ವ್ಯಾನು ಓಡಿಸುತ್ತಿದ್ದ. ಪಾಂಡವಪುರ ಹತ್ತಿರವಾಗುತ್ತಿದ್ದಂತೆ ಗದ್ದೆಯ ಪಂಪುಸೆಟ್ಟಿನ ಮನೆಯೊಂದು ಕಂಡಿತು. ತಟ್ಟನೆ ವ್ಯಾನಿನ ಸ್ಟೇರಿಂಗಿಗೆ ಗುದ್ದಿದ.

"ಕೆಪಾಸಿಟರ್ ಅಕ್ಕ! ಮೋಟರ್‌ಗೆ ಹಾಕ್ತಾರಲ್ಲ, ಅದರ ಮರಿ ಇರುತ್ತೆ. ಕರೆಂಟನ್ನ ಒಂದಿಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತೆ. ಮಗು ನಿಂತ ಮೇಲೂ ದೀಪ ಉರಿಯುತ್ತೆ."

ಬೆರಳ ತುದಿಯಷ್ಟು ದಪ್ಪದ ಆ ಕೆಪಾಸಿಟರನ್ನು ಹಬ್ಬಿನ ಪಕ್ಕ ಕೂರಿಸಲು ನಾನು ಮತ್ತೆ ಕಡ್ಡಿ ಹೆಣಿಗೆ ಬದಲಿಸಬೇಕಾಯಿತು. ಬದಲಿಸಿದೆ. ಈಗ ಚಕ್ರ ನಿಂತರೂ ಸಂಜೆಯ ದೀಪ ಹಚ್ಚಿ ದೇವರಿಗೆ ಕೈ ಮುಗಿಯುವಷ್ಟು ಹೊತ್ತು ಬೆಳಕು ಉಳಿಯುತ್ತಿತ್ತು.

ಸೈಕಲ್ಲು ಸಿದ್ಧವಾಯಿತು, ಕೊಳ್ಳುವವರಿಲ್ಲ. "ಸಾಬ್ರ ದೀಪದ ಸೈಕಲ್ಲಾ? ಬ್ಯಾಡಪ್ಪಾ" ಎನ್ನುತ್ತಿದ್ದರು. ಹೊಣಕೆರೆಯ ದೇವಮ್ಮ ಒಂದು ಕೊಂಡಳು. ನಮ್ಮಪ್ಪನ ಗುರುತಿನ ಮೇಲೆ ಅಕ್ಕಿಹೆಬ್ಬಾಳಿನ ರೈತರೊಬ್ಬರು ಮಗಳು ಚಂದನಾಗೆಂದು ಒಂದು ಒಯ್ದರು. ಅಲ್ಲೊಂದು ಇಲ್ಲೊಂದು ಹೋದವು. ಉಳಿದವು ಕಾರ್ಖಾನೆಯಲ್ಲೇ ತೂಗುಹಾಕಿದ್ದವು.

ಕಬ್ಬು ಕಡಿಯುವ ಕಾಲ. ಒಂದು ಬೆಳಿಗ್ಗೆ ಕಾರ್ಖಾನೆಯ ಮುಂದೆ ಟ್ರಾಕ್ಟರೊಂದು ನಿಂತಿತು. ಅದರಿಂದ ಇಳಿದವರು ಅಕ್ಕಿಹೆಬ್ಬಾಳಿನ ಆ ರೈತರು, ಕಾಲಿಗೆ ಪಟ್ಟಿ ಕಟ್ಟಿದ್ದ ಅವರ ಮಗಳು, ಮತ್ತೆ ಟ್ರಾಕ್ಟರಿನ ಡ್ರೈವರ್ ಕುಮಾರ. ಟ್ರೈಲರಿನಲ್ಲಿ ನಮ್ಮ ಸೈಕಲ್ಲು, ಮುಂದಿನ ಚಕ್ರ ಹಪ್ಪಳವಾಗಿತ್ತು. ಮತ್ತೆ ವಾಪಸು ಬಂತೆಂದುಕೊಂಡೆ.

ಕುಮಾರ ಒಳಗೆ ಬಂದವನೇ, "ಈ ಸೈಕಲ್ ಮಾಡ್ದೋರು ಯಾರು?" ಎಂದ. ಸಾಬರು ಎದ್ದು ನಿಂತು, "ನಾನೇ ಕಣಪ್ಪಾ. ಏನಾಯ್ತು?" ಎಂದರು.

ಕುಮಾರ ಬಗ್ಗಿ ಅವರ ಕಾಲು ಮುಟ್ಟಿಬಿಟ್ಟ. ಸಾಬರು ಬೆಚ್ಚಿ ಹಿಂದಕ್ಕೆ ಸರಿದರು.

ಆಮೇಲೆ ಅವನು ಕೂತು ಹೇಳಿದ. ಹಿಂದಿನ ದಿನ ಮುಸ್ಸಂಜೆ ಕಬ್ಬು ಹೇರಿಕೊಂಡು ನಾಲೆ ಏರಿಯ ಮೇಲೆ ಬರುತ್ತಿದ್ದನಂತೆ. "ತಿರುವು ತಿರುಗ್ತಾ ಇದ್ದೆ ಸಾಬ್ರೇ. ಟ್ರಾಕ್ಟರ್ ಲೈಟು ನಾಲೆ ಕಡೀಕೆ ಬೀಳ್ತಾ ಇತ್ತು, ರಸ್ತೆ ಕಾಣ್ತಿರ್ಲಿಲ್ಲ. ನೋಡ್ತೀನಿ, ನೆಲದ್ ಮ್ಯಾಲೆ ಬಣ್ಣಬಣ್ಣವಾಗಿ ಏನೋ ಮಿಣುಗ್ತಾ ಅದೆ. ಇದೇನ್ಲಾ ಇದು ಅಂತ ಬ್ರೇಕ್ ಒತ್ಬುಟ್ಟೆ. ಇಳ್ದು ನೋಡಿದ್ರೆ ಈ ಹೆಣ್ ಮಗ! ಸೈಕಲ್ ಮ್ಯಾಲೆ ಬಿದ್ದದೆ, ಕಾಲು ಒಳೀಕೆ ಸಿಕ್ಕಾಕ್ಕಂಡದೆ, ಎದ್ದೇಳಾಕಾಯ್ತಿಲ್ಲ. ಟ್ರಾಕ್ಟರ್ ಟೈರು ಸೈಕಲ್ ಚಕ್ರದ್ ಮ್ಯಾಲೆ ಅತ್ತಿ ನಿಂತದೆ. ಇನ್ನೊಂದ್ ಮೊಳ ಮುಂದಕ್ ಓಗಿದ್ರೆ..."

ಚಂದನಾಳ ತಂದೆ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮಗಳು ಮುಂದೆ ಹೋಗಿದ್ದಳಂತೆ, ಇವರು ಹಸುವಿಗೆ ಹುಲ್ಲು ಹೊತ್ತುಕೊಂಡು ಹಿಂದೆ ಬರುತ್ತಿದ್ದರಂತೆ. ಬಿದ್ದಾಗಿನಿಂದ ಚಕ್ರ ತಿರುಗಿರಲೇ ಇಲ್ಲ. ಉರಿಯುತ್ತಿದ್ದದ್ದು ಕೆಪಾಸಿಟರಿನಲ್ಲಿ ಉಳಿದ ಬೆಳಕು.

ಇಮ್ತಿಯಾಜ್ ಹೊರಗೆ ಹೋಗಿಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ನಾನು ಹೋಗಿ ನೋಡಿದರೆ ಓಣಿಯಲ್ಲಿ ಗೋಡೆಗೆ ಒರಗಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಹೊಣಕೆರೆಯ ದೇವಮ್ಮನಿಗೆ ಎಲ್ಲವನ್ನೂ ಹೇಳುತ್ತಿದ್ದ.

ಒಳಗೆ ಸಾಬರು ಮಗುವನ್ನು ತಮ್ಮ ಕುರ್ಚಿಯ ಮೇಲೆ ಕೂರಿಸಿ, "ಹೊಸಾ ಸೈಕಲ್ ಕೊಡ್ತೀನಿ ಬೇಟಿ, ಯಾವ್ ಬಣ್ಣ ಬೇಕು?" ಎಂದರು. ಚಂದನಾ ಬೇಡವೆಂದು ತಲೆಯಾಡಿಸಿದಳು.

"ನಂಗೆ ನಂದೇ ಬೇಕು. ಚಕ್ರ ಮಾತ್ರ ನೆಟ್ಟಗ್ ಮಾಡ್ಕೊಡಿ."

ಆ ರಿಮ್ಮು ನೆಟ್ಟಗಾಗುವಂತಿರಲಿಲ್ಲ. ಅವರೆಲ್ಲ ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೊಸದೊಂದು ಚಕ್ರ ಕಟ್ಟಿಕೊಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಬೇಗ, ಅಷ್ಟು ಚೆನ್ನಾಗಿ ಇನ್ನೊಂದು ಚಕ್ರ ಕಟ್ಟಿಲ್ಲ. ಒಂದು ಕಡ್ಡಿಯೂ ದನಿ ತಪ್ಪಲಿಲ್ಲ.

ಕುಮಾರ ಟ್ರಾಕ್ಟರ್ ಓಡಿಸಿಕೊಂಡು ಹೋದಲ್ಲೆಲ್ಲ ಈ ಕಥೆ ಹೇಳಿದ. ಕಬ್ಬಿನ ಗಾಡಿಯವರು ನಿಲ್ಲದ ಊರಿಲ್ಲ, ಚಹಾದಂಗಡಿಯಿಲ್ಲ. ಮುಂದಿನ ಬೇಸಿಗೆ ರಜೆ ಬರುವುದರೊಳಗೆ ಕಾರ್ಖಾನೆಯಲ್ಲಿ ತೂಗುಹಾಕಿದ್ದ ಸೈಕಲ್ಲುಗಳು ಖಾಲಿಯಾದವು. ಗಾರ್ಮೆಂಟ್ಸಿಗೆ ಹೋಗಿದ್ದವರಲ್ಲಿ ಕೆಲವರು ವಾಪಸು ಬಂದರು. ಸಂತೆಬಾಚಹಳ್ಳಿಯ ಅಂಗಡಿಯವನೇ ಫೋನು ಮಾಡಿ, "ಕಳ್ಸಿ ಸಾಬ್ರೇ, ಜನ ನನ್ ಪ್ರಾಣ ತಿಂತಾವ್ರೆ" ಎಂದ.

ಅದಾದ ಮೇಲೆ ಒಂದು ದೊಡ್ಡ ಕಂಪನಿಯವರು ಬಂದರು. ಆ ಕಂಪನಿಯ ಹೆಸರು ಇಲ್ಲಿ ಬೇಡ. ನಾವು ಮಾಡಿಕೊಟ್ಟ ಸೈಕಲ್ಲಿಗೆ ಅವರ ಹೆಸರು ಅಂಟಿಸಿ ದೇಶವೆಲ್ಲ ಮಾರುವುದಾಗಿ ಹೇಳಿದರು. ಜಟಕಾ ದೀಪದ ಗುರುತು ಮಾತ್ರ ಇರಕೂಡದು. ಇಮ್ತಿಯಾಜ್ ತಂದೆಯ ಮುಖ ನೋಡಿದ. ಸಾಬರು, "ನನ್ನ ಕೇಳ್ಬೇಡ. ನಂದು ಮುಗೀತು. ನೀನು, ಜಯಮ್ಮ, ಈ ಮಕ್ಕಳೆಲ್ಲಾ ಕೂತು ಮಾತಾಡ್ಕೊಳ್ಳಿ" ಎಂದುಬಿಟ್ಟರು. ಕೂತೆವು. ಕೆಲಸದವರಲ್ಲಿ ಅರ್ಧದಷ್ಟು ಜನ ಒಪ್ಪಿಕೊಳ್ಳೋಣ ಎಂದರು, ಅವರ ಮಾತಿನಲ್ಲೂ ನ್ಯಾಯವಿತ್ತು. ವರ್ಷಪೂರ್ತಿ ಕೆಲಸ ಎಂದರೆ ಸಣ್ಣ ಮಾತಲ್ಲ. ಕೊನೆಗೆ ಇಮ್ತಿಯಾಜ್ ಕೇಳಿದ, "ಅಕ್ಕ, ನೀವೇನಂತೀರಿ?"

"ನಾಳೆ ಎಲ್ಲಾದ್ರೂ ದೀಪ ಆರೋಯ್ತು ಅನ್ಕೊಳಪ್ಪ. ಆ ಕಂಪನಿಯೋರು ಸಂತೆಗೆ ಬಂದು ಕೈ ಮುಗ್ದು ನಿಂತ್ಕತಾರಾ?" ಎಂದೆ. "ನಿಮ್ಮಪ್ಪ ನಿಂತ್ರು. ಅದ್ಕೇ ನಾವಿನ್ನೂ ಇದೀವಿ."

ಇಮ್ತಿಯಾಜ್ ಒಪ್ಪಂದ ಬೇಡವೆಂದ. ಕಾರ್ಖಾನೆ ದೊಡ್ಡದಾಗಲಿಲ್ಲ, ಇವತ್ತಿಗೂ ಆ ಓಣಿಯಲ್ಲೇ ಇದೆ. ಆದರೆ ಅಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ತಾವು ಮಾಡಿದ ಸೈಕಲ್ಲು ಯಾವ ಊರಿನ ಯಾವ ಮಗುವಿಗೆ ಹೋಯಿತೆಂದು ಗೊತ್ತಿರುತ್ತದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದ ದೊಡ್ಡ ಸುಖ ಇದೇ.

ನಾನು ನಿವೃತ್ತಿಯಾದ ದಿನ ಶಾಲು ಹಾರ ತಂದಿರುತ್ತಾರೆಂದುಕೊಂಡೇ ಹೋದೆ. ತಂದಿರಲಿಲ್ಲ. ನನ್ನಿಂದ ಕಲಿತ ರೂಪಾ ಮತ್ತು ಅವಳ ಜೊತೆಯವರು ಒಂದು ಸೈಕಲ್ಲು ತಳ್ಳಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. ದೊಡ್ಡವರ ಅಳತೆಯದು. ಸೀರೆ ಉಟ್ಟವರು ಹತ್ತುವ ಹಾಗೆ ನಡುವಿನ ಕಂಬಿ ತಗ್ಗಿಸಿದ್ದರು. ಎರಡೂ ಚಕ್ರದಲ್ಲಿ ದೀಪ. ಅಂಥದ್ದು ನಮ್ಮ ಕಾರ್ಖಾನೆಯಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ.

"ಹತ್ತಿ ಜಯಕ್ಕ" ಎಂದಳು ರೂಪಾ.

ನಾನು ಹಾಗೇ ನಿಂತೆ. ಜೀವಮಾನವೆಲ್ಲ ಚಕ್ರ ಕಟ್ಟಿದವಳಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ನಮ್ಮೂರಿನಲ್ಲಿ ನನ್ನ ವಾರಗೆಯ ಹೆಣ್ಣುಮಕ್ಕಳಿಗೆ ಯಾರು ಸೈಕಲ್ ಕೊಡುತ್ತಿದ್ದರು? ಕಾರ್ಖಾನೆಯಲ್ಲೂ ಓಡಿಸಿ ನೋಡುವವರು ಬೇರೆ ಇದ್ದರು. ಈ ಹುಡುಗಿಯರಿಗೆ ಅದು ಯಾವಾಗ ಗೊತ್ತಾಯಿತೋ! ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಖಾದರ್ ಸಾಬರಿಗೆ ಆಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. "ಕ್ಯಾ ಹುವಾ? ಹತ್ತಿದ್ಲಾ?" ಎಂದು ಕೇಳುತ್ತಲೇ ಇದ್ದರು. "ಇಲ್ಲ ಸಾಬ್ರೇ, ಕಲ್ತು ಬತ್ತೀನಿ" ಎಂದೆ.

ಪಾಂಡವಪುರದಲ್ಲಿ ಶಾಲೆಯ ಮೈದಾನದಲ್ಲಿ ಕಲಿಕೆ ಶುರುವಾಯಿತು. ಶಿವಣ್ಣನವರೂ ಆಗ ನಿವೃತ್ತರು. ಅವರು ಸೀಟು ಹಿಡಿದು ಹಿಂದೆ ಓಡುವುದು, ನಾನು ಬೀಳುವುದು. ಮೊಣಕೈ ತರಚಿತು, ಸೀರೆ ಹರಿಯಿತು. ಆಡಲು ಬಂದ ಹುಡುಗರು ಆಟ ಬಿಟ್ಟು ನಮ್ಮನ್ನೇ ನೋಡುತ್ತ ಕೂರುತ್ತಿದ್ದರು. ಶಿವಣ್ಣನವರು ಏದುಸಿರು ಬಿಡುತ್ತ, "ಈ ವಯಸ್ನಲ್ಲಿ ಇದ್ಯಾಕ್ ಬೇಕಿತ್ತೆ ನಿಂಗೆ?" ಎನ್ನುವರು, ಮರುದಿನ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿರುವರು.

ಒಂದು ಸಂಜೆ ಮೈದಾನ ಬಿಟ್ಟು ನಾಲೆ ರಸ್ತೆಗೆ ಹೋದೆವು. ಹೊತ್ತು ಮುಳುಗಿ ಭತ್ತದ ಗದ್ದೆಗಳು ಮಬ್ಬಾಗಿದ್ದವು. ನಾಲ್ಕು ಮಾರು ತುಳಿದೆ. ಹಿಂದೆ ಅವರ ಹೆಜ್ಜೆಯ ಸದ್ದು ಕೇಳುತ್ತಿತ್ತು. ಇನ್ನೊಂದಿಷ್ಟು ತುಳಿದೆ. ಸದ್ದು ದೂರವಾಯಿತು. ಕೈ ಬಿಟ್ಟುಬಿಟ್ಟಿದ್ದರು. ಹೆದರಿ ತಲೆ ತಗ್ಗಿಸಿದೆ, ಆಗ ಕಂಡಿತು. ನನ್ನ ಎರಡೂ ಪಕ್ಕದ ನೆಲದ ಮೇಲೆ ಕೆಂಪು, ಹಸಿರು, ನೀಲಿಯ ಬೆಳಕು ನನ್ನ ಜೊತೆಗೇ ಓಡಿ ಬರುತ್ತಿತ್ತು. ಎಷ್ಟೋ ಸಾವಿರ ಚಕ್ರಗಳನ್ನು ಹೊರಗಿನಿಂದ ನೋಡಿದ್ದೆ. ಮೇಲೆ ಕೂತ ಮಗುವಿಗೆ ಅದು ಹೀಗೆ ಕಾಣುತ್ತದೆಂದು ಅವತ್ತಿನವರೆಗೂ ನನಗೆ ತಿಳಿದಿರಲಿಲ್ಲ.

ಹಿಂದಿನಿಂದ ಶಿವಣ್ಣನವರು ಕೂಗುತ್ತಿದ್ದರು, "ಸಾಕು ನಿಲ್ಸೇ! ಬಿದ್ದೀಯೆ!"

"ನಿಲ್ಸಾದ್ ಹೆಂಗೆ ಅಂತ ಇನ್ನೂ ಕಲ್ತಿಲ್ಲ ಕಣ್ರೀ!" ಎಂದು ಕೂಗಿ ಮತ್ತಷ್ಟು ಜೋರಾಗಿ ತುಳಿದೆ.